ಹದಿನೈದು ಸೇರು ಮಂಡಕ್ಕಿ

ಮೆಟ್ರೋ ಇನ್ನೂ ಘಾಜಿಯಾಬಾದಿನ ಕಡೆ ತಲೆ ಹಾಕದ ಕಾಲ ಅದು. ಚಳಿಗಾಲ ಬಂತೆಂದರೆ ನಮ್ಮ ಇಡೀ ಬಿಲ್ಡಿಂಗು ಬಿಸಿಲು ಬಿದ್ದ ಕಡೆಗೆ ಇಳಿದು ಬರುತ್ತಿತ್ತು. ಹೆಂಗಸರು ಬಟಾಣಿ ಬಿಡಿಸುತ್ತಾ ಕೂರುವರು, ಗಂಡಸರು ಹುರಿದ ಶೇಂಗಾ ಸುಲಿಯುವರು, ಮಕ್ಕಳೆಲ್ಲ ಅಂಗಳದಲ್ಲಿ ಪಿಟ್ಟೂ ಆಡುವರು. ನಮ್ಮ ಲಗೋರಿಗೆ ಅಲ್ಲಿ ಪಿಟ್ಟೂ ಅನ್ನುತ್ತಾರೆ. ಮಕ್ಕಳೆಲ್ಲ ಎಂದೆನಲ್ಲ, ನನ್ನೊಬ್ಬಳನ್ನು ಬಿಟ್ಟು.

ನಾನಾಗ ಮೂರನೇ ಕ್ಲಾಸು. ಕಡ್ಡಿಯ ಹಾಗಿದ್ದೆ. ಕೆಳಮನೆಯ ಬಂಟಿಯೇ ಆ ಅಂಗಳದ ದೊರೆ, ತಂಡ ಕಟ್ಟುವವನೂ ಅವನೇ. ನನಗೆ ‘ತೀಲಿ’ ಎಂದು ಹೆಸರಿಟ್ಟಿದ್ದ, ಬೆಂಕಿಕಡ್ಡಿ ಅಂತ.

“ತೀಲಿ, ತೂ ರೆಹನೇ ದೇ. ಬಾಲ್ ಲಗೇಗೀ ತೋ ಟೂಟ್ ಜಾಯೇಗೀ!”

ಚೆಂಡು ತಾಗಿದರೆ ಮುರಿದೇ ಹೋಗುತ್ತೇನಂತೆ! ಮೆಟ್ಟಿಲ ಮೇಲೆ ಕೂತು ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ದೇವರು ಪ್ರತ್ಯಕ್ಷನಾಗಿ ವರ ಕೇಳು ಎಂದಿದ್ದರೆ ಬಂಟಿಯ ತಂಡದಲ್ಲಿ ಒಂದು ಜಾಗ ಕೇಳುತ್ತಿದ್ದೆ, ಬೇರೇನೂ ಅಲ್ಲ.

ಆ ಚಳಿಗಾಲದ ಒಂದು ಭಾನುವಾರ ಸುತ್ತಮುತ್ತಲಿನ ಕನ್ನಡದವರೆಲ್ಲ ನಮ್ಮ ಮನೆಗೆ ಬರುವುದೆಂದಾಯಿತು. ದಾವಣಗೆರೆಯವರ ಮನೆ ಎಂದ ಮೇಲೆ ಕೇಳಬೇಕೆ? ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಆಗಲೇಬೇಕು. ಹಿಂದಿನ ದಿನ ಅಮ್ಮ, “ರೀ, ಹದಿನೈದು ಸೇರು ಮಂಡಕ್ಕಿ ತನ್ನಿ” ಎಂದಳು. ಊರಲ್ಲಿ ಮಂಡಕ್ಕಿಯನ್ನು ಸೇರಿನಲ್ಲಿ ಅಳೆದು ಕೊಡುತ್ತಾರೆ. ಇಲ್ಲಿ ತಕ್ಕಡಿಗೆ ಹಾಕಿ ತೂಗುತ್ತಾರೆ. ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು, ಲೆಕ್ಕದಲ್ಲಿ ಹುಲಿ. ಒಂದು ಸೇರು ಅಕ್ಕಿ ಹೆಚ್ಚುಕಡಿಮೆ ಒಂದು ಕೆಜಿ ತೂಗುತ್ತದೆಂದು ಅವರಿಗೆ ಗೊತ್ತಿತ್ತು. ಸೀದಾ ಹೋಗಿ, “ಭಯ್ಯಾ, ಪಂದ್ರಹ್ ಕಿಲೋ ಮುರ್ಮುರಾ” ಎಂದುಬಿಟ್ಟರು.

ಸಂಜೆ ಗೇಟಿನೊಳಗೆ ಒಂದು ಸೈಕಲ್ ರಿಕ್ಷಾ ಬಂತು. ಮೇಲೆ ಎರಡು ಮೂಟೆ, ಎರಡೂ ನನ್ನೆತ್ತರ. ಕೂರಲು ಜಾಗವಿಲ್ಲದೆ ಅಪ್ಪ ಪಕ್ಕದಲ್ಲಿ ನಡೆದು ಬರುತ್ತಿದ್ದರು.

“ಅಯ್ಯೋ ನನ್ನ ಕರ್ಮವೇ!” ಅಮ್ಮ ಮೂರನೇ ಮಹಡಿಯ ಬಾಲ್ಕನಿಯಿಂದಲೇ ಕೂಗಿದಳು. “ಊರಿಗೆಲ್ಲ ಊಟಕ್ಕೆ ಹೇಳಿದೀರೇನ್ರೀ?”

“ನೀನೇ ಹೇಳಿದ್ಯಲ್ಲೇ, ಹದಿನೈದು ಸೇರು ಅಂತ! ಸೇರಿಗೊಂದು ಕೆಜಿ.”

“ಅದು ಅಕ್ಕಿ ಲೆಕ್ಕ ಕಣ್ರೀ! ಒಂದು ಕೆಜಿ ಮಂಡಕ್ಕಿ ಅಂದ್ರೆ ಹತ್ತು ಸೇರಾಗುತ್ತೆ!”

ಅಪ್ಪ ತಲೆ ಕೆರೆದುಕೊಂಡರು. ಕನ್ನಡ ಬಾರದ ಅಂಗಳಕ್ಕೆ ಇದೊಂದೂ ತಿಳಿಯಲಿಲ್ಲ. “ಪುಟ್ಟಿ, ಬಾರೇ, ಒಂದು ನೀನು ಹೊರು. ಭಾರ ಏನಿಲ್ಲ” ಎಂದು ಅಪ್ಪ ಒಂದು ಮೂಟೆಯನ್ನು ನನ್ನ ಬೆನ್ನಿಗೇರಿಸಿದರು. ನನ್ನ ಸ್ಕೂಲ್ ಬ್ಯಾಗಿಗಿಂತ ಒಂಚೂರು ಹೆಚ್ಚು, ಅಷ್ಟೆ. ಆದರೂ ಬೇಕೆಂದೇ ಸೊಂಟ ಬಗ್ಗಿಸಿ “ಉಸ್ಸಪ್ಪಾ” ಎಂದೆ. ಪಿಟ್ಟೂ ಅಲ್ಲಿಗೇ ನಿಂತಿತು.

“ಬಾಪ್ ರೇ! ತೀಲಿ ನೇ ಬೋರಿ ಉಠಾ ಲೀ!”

ಬಂಟಿ ಗೋಧಿ ಮೂಟೆ ಎಂದುಕೊಂಡನೋ ಏನೋ. ಕಡ್ಡಿಯೊಂದು ಮೂಟೆ ಹೊತ್ತ ಮೇಲೆ ದೊರೆ ಸುಮ್ಮನಿರುತ್ತಾನೆಯೇ? “ಅಂಕಲ್, ದೂಸ್ರೀ ಮೈ ಉಠಾತಾ ಹೂಂ” ಎಂದು ಇನ್ನೊಂದು ಮೂಟೆಯ ಕಡೆ ಓಡಿಬಂದ. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಉಸಿರು ಕಟ್ಟಿ, ಕಣ್ಣು ಮುಚ್ಚಿ, ಮೈಯ ಬಲವನ್ನೆಲ್ಲ ಹಾಕಿ ಎಳೆದ. ಮೂಟೆ ಗಾಳಿಗೆ ಹಾರಿ ಬಂತು. ಬಂಟಿ ಅಂಗಾತ ಬಿದ್ದ, ಮೂಟೆ ಅವನ ಮೇಲೆ. ಹೊಲಿಗೆ ಬಿಚ್ಚಿ ಮಂಡಕ್ಕಿಯೋ ಮಂಡಕ್ಕಿ! ರಾಶಿಯ ನಡುವಿನಿಂದ ಅವನ ತಲೆ ಮೇಲೆದ್ದಾಗ ಅಂಗಳವೇ ಬಿದ್ದು ಬಿದ್ದು ನಕ್ಕಿತು. ನಕ್ಕು ನಕ್ಕು ನನ್ನ ಮೂಟೆಯೂ ಜಾರಿತು.

ನನ್ನ ಗುಟ್ಟು ರಟ್ಟಾಯಿತು. ಇನ್ನು ಪಿಟ್ಟೂ ಕನಸಿನ ಮಾತು ಎಂದುಕೊಂಡೆ, ಅಳು ಬಂತು. ಅಷ್ಟರಲ್ಲಿ ಅಮ್ಮ ಹಿತ್ತಾಳೆಯ ಸೇರಿನ ತುಂಬ ಅಕ್ಕಿ ತುಂಬಿಕೊಂಡು ಇಳಿದು ಬಂದಳು. ಬಂಟಿಯನ್ನು ಎಬ್ಬಿಸಿ, ಮೈ ಕೊಡವಿ, ಸೇರನ್ನು ಅವನ ಕೈಗಿಟ್ಟಳು. ಆಮೇಲೆ ಅಕ್ಕಿಯನ್ನು ಸೆರಗಿಗೆ ಸುರಿದುಕೊಂಡು, ಅದೇ ಸೇರಿಗೆ ಮಂಡಕ್ಕಿ ತುಂಬಿ ಕೊಟ್ಟಳು.

“ಬರ್ತನ್ ಏಕ್ ಹೀ, ಬೇಟಾ. ಚಾವಲ್ ಸಟ್ ಕೇ ಬೈಠತಾ ಹೈ. ಇಸ್ಕೇ ಪೇಟ್ ಮೇ ಹವಾ!”

ಒಂದೇ ಪಾತ್ರೆ. ಅಕ್ಕಿ ಒತ್ತಿಕೊಂಡು ಕೂರುತ್ತದೆ, ಮಂಡಕ್ಕಿಯ ಹೊಟ್ಟೆಯಲ್ಲಿ ಬರೀ ಗಾಳಿ. ಬಂಟಿ ಸೇರನ್ನು ಮೇಲೆ ಕೆಳಗೆ ಆಡಿಸಿ ನೋಡಿದ. ನನ್ನ ಕಡೆ ತಿರುಗಿ ಕೇಳಿದ, “ಔರ್ ತೀಲಿ ಕೇ ಪೇಟ್ ಮೇ?”

“ಅವಳ ಹೊಟ್ಟೇಲಾ? ಒತ್ತಿ ಒತ್ತಿ ತುಂಬಿರೋದು ಹಠ!” ಎಂದಳು ಅಮ್ಮ. ಹಠಕ್ಕೆ ಹಿಂದಿ ಹೊಳೆಯದೆ ನನ್ನ ಮುಖ ನೋಡಿದಳು.

“ಜಿದ್” ಎಂದೆ, ಮೂಗೊರೆಸಿಕೊಂಡು.

ಬಂಟಿ ನಕ್ಕುಬಿಟ್ಟ. “ಚಲೋ, ಕಲ್ ಸೇ ಮೇರೀ ಟೀಮ್ ಮೇ.”

ಆಹಾ! ನಾಳೆಯಿಂದ ಬಂಟಿಯ ತಂಡದಲ್ಲಿ! ಆ ಸಂತೋಷ ಇವತ್ತಿಗೂ ನನಗೆ ತಾಜಾ. ನೆಲಕ್ಕೆ ಬಿದ್ದ ಮಂಡಕ್ಕಿ ಪಾರಿವಾಳಗಳ ಪಾಲಾಯಿತು. ಮೂಟೆಯಲ್ಲಿ ಉಳಿದಿದ್ದನ್ನು ಸೇರಿನಲ್ಲಿ ಅಳೆದು ಬಂಟಿಯೂ ನಾನೂ ಮನೆಮನೆಗೆ ಹಂಚಿದೆವು. ಒಬ್ಬರು ಬೆಲ್ಲದ ಪಾಕ ಹಾಕಿ ಉಂಡೆ ಕಟ್ಟಿ ಕಳಿಸಿದರು, ಇನ್ನೊಬ್ಬರು ಶೇಂಗಾ ಬೆರೆಸಿ ಹುರಿದು ತಂದರು. ಭಾನುವಾರ ಬಂದವರಿಗೆ ಇನ್ನೊಂದು ಮೂಟೆಯಲ್ಲಿ ಅರ್ಧವೂ ಖರ್ಚಾಗಲಿಲ್ಲ.

ಈಗ ನಾನು ಫರೀದಾಬಾದಿನಲ್ಲಿದ್ದೇನೆ. ಅಮ್ಮ ಹೋದ ಮೇಲೆ ಆ ಸೇರು ನನ್ನ ಅಡುಗೆಮನೆಗೆ ಬಂತು. ಮೊನ್ನೆ ಮಗಳು ದ್ರವ್ಯರಾಶಿ, ಗಾತ್ರ, ಸಾಂದ್ರತೆಯ ಪಾಠ ಹಿಡಿದು ಬಂದಾಗ ಅದನ್ನೇ ಕೆಳಗಿಳಿಸಿದೆ. ಫೋನಿನಲ್ಲಿ ತರಿಸಿದ ಮಂಡಕ್ಕಿ ಪ್ಯಾಕೆಟ್ಟು ಬಿಚ್ಚಿ ಅಮ್ಮನ ಆಟವನ್ನೇ ಆಡಿದೆ, ಮೂಟೆಯ ಕಥೆಯನ್ನೂ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಮ್ಮಾ, ನಾವೂ ಫಿಫ್ಟೀನ್ ಕೆಜಿ ತರಿಸೋಣ, ಪ್ಲೀಸ್!”

“ತರಿಸಿ ಏನ್ ಮಾಡೋದೇ?”

“ಬಾಂಟೇಂಗೇ! ನೀವು ಹಂಚಿದ್ರಲ್ಲ, ಹಾಗೇ.”

ಸೇರು ಹಿಡಿದು ಬಾಗಿಲವರೆಗೆ ಬಂದೆ. ಎದುರು ಮನೆಯವರು ಬಂದು ಮೂರು ವರ್ಷವಾಯಿತು. ಏನೆಂದು ಕೂಗಲಿ? ಅವರ ಹೆಸರೇ ನನಗೆ ಗೊತ್ತಿಲ್ಲ.