ಏಳೋ ಮಾದೇವ, ಡೋಲು ಕಾದಿದೆ

ಹೋದ ತಿಂಗಳು ಸರಸ್ವತಿಪುರಂನ ಒಂದು ಸಭಾಂಗಣದಲ್ಲಿ ಕೀಬೋರ್ಡಿನ ಢಮಢಮದ ಮೇಲೆ ಆ ಹಾಡು ಶುರುವಾಯಿತು. ಒಂದೇ ಬಣ್ಣದ ಸೀರೆ ಉಟ್ಟ ಹೆಂಗಸರು ನಗುನಗುತ್ತಾ ಹಾಡಿದರು, ಮಕ್ಕಳು ಕೈ ತಟ್ಟಿದವು. ‘ಏಳೋ ಸೋದರ, ನಾಡು ಕರೆದಿದೆ.’ ನನಗೆ ಮೈಯೆಲ್ಲ ಉರಿದುಹೋಯಿತು, ಎದ್ದು ಹೊರಗೆ ಬಂದೆ. ಯಾವ ನಾಡು, ಯಾರ ಸೋದರ? ನಿಮಗೂ ಶಾಲೆಯಲ್ಲಿ ಈ ಹಾಡು ಕಲಿಸಿರಬಹುದು, ನೀವೂ ಎದೆ ಸೆಟೆಸಿ ಹಾಡಿರಬಹುದು. ನಿಮ್ಮ ತಪ್ಪಲ್ಲ ಬಿಡಿ. ಆದರೆ ಅದು ಎದೆ ಸೆಟೆಸಿ ಹಾಡುವ ಹಾಡಾಗಿರಲಿಲ್ಲ. ಅದು ಹುಟ್ಟಿದ್ದು ನಮ್ಮ ಮನೆಯಲ್ಲಿ. ಯಾರಿಗಾಗಿ ಹುಟ್ಟಿತೋ ಅವನನ್ನು ಬಲ್ಲವರ ಪೈಕಿ ಈಗ ಉಳಿದವಳು ನಾನೊಬ್ಬಳೇ.

ಚರ್ಚಿನ ಹಿಂದಿನ ಬೀದಿಯಲ್ಲಿ ನಮ್ಮ ಹೆಂಚಿನ ಮನೆ ಇತ್ತು. ಅಪ್ಪ, ಅಮ್ಮ, ನಾನು, ಜೊತೆಗೆ ಅಪ್ಪನ ಅಕ್ಕ ಸಿಸಿಲಿ ಅತ್ತೆ. ಅತ್ತೆ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಕ್ರಿಸ್ಮಸ್ ಬಂತೆಂದರೆ ಚರ್ಚಿಗೆ ಹಾಡು ಕಟ್ಟಿಕೊಡುತ್ತಿದ್ದರು. ಹಿತ್ತಿಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದವರು ನಂಜುಂಡಣ್ಣ ಮತ್ತು ಅವರ ತಮ್ಮ ಮಾದೇವ, ಊರಾಚೆಯ ಹಳ್ಳಿಯಿಂದ ಬಂದ ರೈತರ ಮಕ್ಕಳು. ಬ್ಯಾಂಡ್ ಸೆಟ್ಟಿನಲ್ಲಿ ನಂಜುಂಡಣ್ಣನದು ಕ್ಲಾರಿನೆಟ್ಟು, ಮಾದೇವನದು ದೊಡ್ಡ ಡೋಲು. ಚರ್ಚಿನ ಮೆರವಣಿಗೆಗೂ ಅವರೇ, ಮದುವೆಗೂ ಅವರೇ, ಹೆಣಕ್ಕೂ ಅವರೇ. ಭಾನುವಾರ ನಾವು ಚರ್ಚಿನ ಪೂಜೆ ಮುಗಿಸಿ ಬರುವಷ್ಟರಲ್ಲಿ ಮಾದೇವ ಹಿತ್ತಿಲ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ತುತ್ತೂರಿಗಳನ್ನು ಉಜ್ಜುತ್ತಿರುತ್ತಿದ್ದ. ಆ ಹುಳಿವಾಸನೆ ಅಮ್ಮನ ಸಾರಿನ ಘಮದ ಜೊತೆ ಬೆರೆತು ಮನೆಯೆಲ್ಲ ತುಂಬಿಕೊಳ್ಳುತ್ತಿತ್ತು. ಅವನ ಕೈ ಸುಮ್ಮನಿದ್ದುದನ್ನು ನಾನು ನೋಡಿಯೇ ಇಲ್ಲ. ತಟ್ಟೆ, ಬಕೆಟ್ಟು, ನನ್ನ ಬೆನ್ನು, ಯಾವುದು ಸಿಕ್ಕಿದರೂ ತಾಳವೇ. ಊಟಕ್ಕೆ ಕರೆದರೆ ಬಾಗಿಲನ್ನೂ ಬಾರಿಸಿಕೊಂಡೇ ಬರುತ್ತಿದ್ದ. ‘ಲೇ ಮಾದೇವ, ಬಾಗ್ಲು ಮುರುದ್ರೆ ಅಲ್ಲಿ ನಿನ್ನೇ ನಿಲ್ಲಿಸ್ತೀನಿ ನೋಡು’ ಅಂತ ಅತ್ತೆ ಗದರಿದರೆ, ‘ನಿಲ್ಸುಬುಡಿ ಟೀಚರಮ್ಮ, ಕಳ್ಳ ಬಂದ್ರೆ ಡೋಲು ಬಾರುಸ್ತೀನಿ’ ಅನ್ನುತ್ತಿದ್ದ. ಅತ್ತೆಗೆ ನಗು ತಡೆಯಲಾಗುತ್ತಿರಲಿಲ್ಲ.

ಆಮೇಲೆ ಊರಲ್ಲಿ ಗಲಾಟೆಯಾಯಿತು. ಮೊದಲು ಕೈ ಎತ್ತಿದವರು ಯಾರು ಅಂತ ಈಗಲೂ ಜಗಳವಾಡುವವರಿದ್ದಾರೆ, ಆಡಿಕೊಳ್ಳಲಿ. ನನಗೆ ಗೊತ್ತಿರುವುದಿಷ್ಟು. ಮೇನ್ ರೋಡಿನಲ್ಲಿದ್ದ ಅವರ ಬ್ಯಾಂಡ್ ಸೆಟ್ಟಿನ ಅಂಗಡಿಗೆ ಬೆಂಕಿ ಬಿತ್ತು. ಡೋಲು ತರುತ್ತೇನೆಂದು ಮಾದೇವ ಒಳಗೆ ನುಗ್ಗಿದ, ತಿರುಗಿ ಬರಲಿಲ್ಲ. ಬೆಂಕಿ ಇಟ್ಟವರು ಅವನ ಬಡಿತಕ್ಕೆ ಕುಣಿದವರೇ, ಅಯೋಗ್ಯರು. ಕರ್ಫ್ಯೂ ನಡುವೆ ಪೊಲೀಸರ ವ್ಯಾನಿನಲ್ಲಿ ಅವನನ್ನು ಹಳ್ಳಿಗೆ ಒಯ್ದು ಹೊಲದಲ್ಲಿ ಹೂತರು. ಊರಿನ ಹೆಣಗಳಿಗೆಲ್ಲ ಬಾರಿಸಿದವನಿಗೆ ಬಾರಿಸಲು ಒಬ್ಬನೂ ಇರಲಿಲ್ಲ. ಆ ವಾರ ಅತ್ತೆ ಅಡುಗೆಮನೆಯಲ್ಲಿ ಕೂತು ‘ಏಳೋ ಮಾದೇವ, ಡೋಲು ಕಾದಿದೆ’ ಅಂತ ಬರೆದರು. ನಂಜುಂಡಣ್ಣ ಅದಕ್ಕೆ ಕ್ಲಾರಿನೆಟ್ಟಿನಲ್ಲಿ ಮಟ್ಟು ಕೂರಿಸಿದರು. ಬಲು ನಿಧಾನದ ಮಟ್ಟು, ಮಲಗಿದವನನ್ನು ಮೈದಡವಿ ಎಬ್ಬಿಸುವ ಹಾಗೆ. ಅಮ್ಮ ಒಲೆ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತರು.

ಊರು ತಣ್ಣಗಾಗುತ್ತಿದ್ದ ಹಾಗೆ ಶಾಂತಿ ಸಮಿತಿಯ ದೊಡ್ಡ ಮನುಷ್ಯರು ಹಾಡಿನ ಸುದ್ದಿ ಕೇಳಿ ಬಂದರು. ಜಗುಲಿಯಲ್ಲಿ ಕೂತು ಅಮ್ಮನ ಕಾಫಿ ಕುಡಿದರು. ‘ಹಾಡು ಬಾಳ ಚೆನ್ನಾಗಿದೆ ಟೀಚರ್, ಮೈದಾನದಲ್ಲಿ ಎಲ್ಲರ ಕೈಲೂ ಹಾಡಿಸೋಣ. ಹೆಸರೊಂದು ಬೇಡ ಕಣ್ರೀ. ಹೆಸರು ಕೇಳಿದ್ರೆ ಯಾರ ಕಡೆಯೋನು ಅಂತಾರೆ, ಮತ್ತೆ ಶುರುವಾಗುತ್ತೆ.’ ಆಹಾ, ಎಂಥ ಬುದ್ಧಿ! ಬೆಂಕಿ ಇಟ್ಟವರ ಹೆಸರಿಗೆ ಭಯವಿಲ್ಲ, ಸತ್ತವನ ಹೆಸರಿಗೆ ಭಯ. ಮಾದೇವ ಹೋಗಿ ಸೋದರ ಬಂದ. ಡೋಲು ಹೋಗಿ ನಾಡು ಬಂತು. ಉತ್ಸಾಹ ಇರಲಿ ಅಂತ ಆ ನಿಧಾನದ ಮಟ್ಟನ್ನೂ ಓಡಿಸಿದರು.

ಅತ್ತೆ ಒಪ್ಪಿಕೊಂಡರು. ಸತ್ತವರ ಮೇಲೆ ಸಿಟ್ಟಾಗಬಾರದು ಅಂತಾರೆ, ನಾನು ಆಗುತ್ತೇನೆ. ‘ಊರು ಮೊದಲು ಸುಧಾರಿಸ್ಕೊಳ್ಳಲಿ ನಂಜುಂಡ, ಹೆಸರು ಆಮೇಲೆ ಹಾಕ್ಸೋಣ’ ಅಂದಿದ್ದರು. ಮೈದಾನದಲ್ಲಿ ಊರಿಗೆ ಊರೇ ಹಾಡುವಾಗ ನಂಜುಂಡಣ್ಣ ಅರ್ಧಕ್ಕೇ ಎದ್ದು ಬಂದು ನಮ್ಮ ಹಿತ್ತಿಲಲ್ಲಿ ಕುಕ್ಕರಿಸಿದರು. ನೀರು ಕೊಡಲು ಹೋದ ಅಮ್ಮನಿಗೆ, ‘ಎಲ್ಲಾರ್ಗೂ ತಮ್ಮ ಮಾಡ್ಬುಟ್ರು ಕಣಮ್ಮ, ನಂಗೇ ಇಲ್ದಂಗ್ ಮಾಡ್ಬುಟ್ರು’ ಅಂದರು. ಸ್ವಲ್ಪ ದಿನಕ್ಕೇ ಕೋಣೆ ಖಾಲಿ ಮಾಡಿ ಹಳ್ಳಿಗೆ ಹೋದರು.

ಊರೇನೋ ಸುಧಾರಿಸಿಕೊಂಡಿತು. ಅಂಗಡಿ ಇದ್ದ ಕಡೆ ಈಗ ಮೊಬೈಲ್ ಶೋರೂಮು, ನಮ್ಮ ಮನೆಯ ಜಾಗದಲ್ಲಿ ಪಾರ್ಕಿಂಗು. ಹಾಡು ಶಾಲೆಯಿಂದ ಶಾಲೆಗೆ ಹಬ್ಬಿತು. ಹೆಸರು ಸೇರಿಸಿ ಅಂತ ಅತ್ತೆ ಆಗೊಮ್ಮೆ ಈಗೊಮ್ಮೆ ಯಾರಿಗೋ ಹೇಳಿ ನೋಡಿದರು; ಇಷ್ಟು ವರ್ಷ ಹಾಡಿದ್ದನ್ನು ಈಗ ಯಾಕೆ ಕೆದಕುವುದು ಅಂದರಂತೆ. ಮಾದೇವನನ್ನು ಹೂತ ಹೊಲ ಲೇಔಟಾಯಿತು, ಅವನ ಮೇಲೆ ಯಾರದೋ ಮನೆ ಎದ್ದಿದೆ. ಅವನದೊಂದು ಫೋಟೋ ಕೂಡ ಇಲ್ಲ. ಅವನಿಗೆ ಅಂತ ಇದ್ದದ್ದು ಆ ಒಂದು ಸಾಲು, ಅದನ್ನೂ ಕಿತ್ತುಕೊಂಡರು ಪುಣ್ಯಾತ್ಮರು.

ಅತ್ತೆ ತೀರಿಕೊಂಡಾಗ ಟೀಚರಿಗೆ ಗೌರವ ಅಂತ ಚರ್ಚಿನಲ್ಲಿ ಅದೇ ಹಾಡು ಹಾಡಿದರು. ಸೋದರ, ನಾಡು, ಎಲ್ಲ ಹಾಗೇ ಇತ್ತು. ಮಣ್ಣು ಹಾಕಿ ಬರುವಾಗ ಸ್ಮಶಾನದ ಗೇಟಿನ ಬಳಿ ಬಿಳಿ ಪಂಚೆಯ ಮುದುಕರೊಬ್ಬರು ನಿಂತಿದ್ದರು. ಹಲ್ಲೆಲ್ಲ ಹೋಗಿ ಮುಖ ಗುರುತೇ ಸಿಗಲಿಲ್ಲ. ‘ರೀಟಮ್ಮ’ ಅಂದಾಗ ನಂಜುಂಡಣ್ಣ ಅಂತ ಗೊತ್ತಾಯಿತು; ಅವರು ತೀರಿಕೊಳ್ಳುವ ಮುಂಚೆ ನಾನು ಅವರನ್ನು ನೋಡಿದ್ದು ಅದೇ ಕೊನೆ. ನನ್ನ ಕೈ ಹಿಡಿದುಕೊಂಡರು.

‘ಟೀಚರಮ್ಮಂಗೆ ಕಲ್ಲು ನಿಲ್ಸ್ತೀರಾ?’

‘ಹೂಂ ನಂಜುಂಡಣ್ಣ.’

‘ಹೆಸ್ರು ಪೂರ್ತಿ ಕೆತ್ಸಿ ಕಣಮ್ಮ. ಆಮೇಲ್ ಕೆತ್ಸಣ ಅನ್ಬ್ಯಾಡಿ.’