ನಾಲ್ಕು ಬೆರಳು ಮೇಲೆದ್ದ ಜೀಪು

ನಾನು ಕುಳ್ಳಿ. ಇದನ್ನು ಒಪ್ಪಿಕೊಳ್ಳಲು ನನಗೆ ನಲವತ್ತೆಂಟು ವರ್ಷ ಹಿಡಿಯಿತು. ಅದೂ ನಮ್ಮ ಹಳೆಯ ಜೀಪು ನಾಲ್ಕು ಬೆರಳು ಮೇಲೆದ್ದ ನಂತರ. ಅಲ್ಲಿಯವರೆಗೆ ಮಾಡಗ್ಯಾಳದಿಂದ ಜತ್‌ಗೆ ಹೋಗುವ ದಾರಿಯ ಎರಡೂ ಬದಿ ಮುಳ್ಳುಬೇಲಿ ಬಿಟ್ಟರೆ ಏನೂ ಇಲ್ಲವೆಂದೇ ತಿಳಿದಿದ್ದೆ. ಮುಂದಿನ ಸೀಟಿನಲ್ಲಿ ಕೂತ ನನಗೆ ಕಾಣುತ್ತಿದ್ದುದೇ ಅಷ್ಟು. ಈಗ ನೋಡಿದರೆ ಬೇಲಿಯಾಚೆ ಒಂದು ಬಾವಿ, ಬಾವಿಯ ಕಟ್ಟೆಯ ಮೇಲೆ ಹರಟುವ ಮೂವರು ಹೆಂಗಸರು, ಅವರಾಚೆ ಮೇಯುತ್ತಿರುವ ಕುರಿಗಳು, ದೂರದ ಗುಡ್ಡದಲ್ಲಿ ಗಿರಗಿರ ತಿರುಗುವ ಗಾಳಿಯಂತ್ರದ ರೆಕ್ಕೆಗಳು! ಇಷ್ಟೆಲ್ಲ ಇಷ್ಟು ವರ್ಷ ಇಲ್ಲೇ ಇತ್ತು, ನನಗೊಬ್ಬಳಿಗೆ ಯಾರೂ ಹೇಳಿರಲಿಲ್ಲ. ಮೊದಲ ದಿನ ನಾನು ಸುಮ್ಮಸುಮ್ಮನೆ ಎರಡು ಸಲ ಜತ್‌ಗೆ ಹೋಗಿಬಂದೆ. ಎರಡನೇ ಸಲಕ್ಕೆ ನೆಪ ಜೀರಿಗೆ.

ಜೀಪನ್ನು ಎತ್ತರಿಸಿದ್ದು ನನ್ನ ದರ್ಶನಕ್ಕಲ್ಲ. ನಮ್ಮ ಮನೆಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳವಿದೆ. ನೀರಿಗಿಂತ ಕಲ್ಲೇ ಹೆಚ್ಚು. ಗಿಳಿಮೂಗಿನ ನಾಲ್ಕು ಟಗರುಗಳನ್ನು ಹಿಂದೆ ತುಂಬಿಕೊಂಡು ನಮ್ಮವರು ಹಳ್ಳಕ್ಕಿಳಿದರೆ ಜೀಪಿನ ಹೊಟ್ಟೆ ಕಲ್ಲಿಗೆ ತಾಗಿ ಕರ್ರ್ ಅನ್ನುತ್ತಿತ್ತು. ಜತ್‌ನ ಶಬ್ಬೀರ್ ಮಿಸ್ತ್ರಿ ಗಾಲಿಗಳ ಮೇಲೆ ಜೀಪಿನ ಮೈಯನ್ನು ಹೊರುವ ಹಳೆಯ ಕಮಾನು ಪಟ್ಟಿ ತೆಗೆದು ದಪ್ಪನೆಯ ಹೊಸ ಪಟ್ಟಿ ಹಾಕಿದ. ಜೀಪು ಎದ್ದು ನಿಂತಿತು. ಕರ್ರ್ ಹೋಯಿತು, ಗಡಗಡ ಬಂತು.

ವೇಗ ಸ್ವಲ್ಪ ಏರಿತೋ, ಇಡೀ ಜೀಪಿಗೆ ನಡುಕ. ನನ್ನ ಬಳೆ, ಕೆನ್ನೆ, ಡಬ್ಬಿಯೊಳಗಿನ ಚಮಚ ಎಲ್ಲ ಒಂದೇ ತಾಳದಲ್ಲಿ. ಮಾತಾಡಿದರೆ ಕುರಿ ಅರಚಿದಂತೆ ಕೇಳುತ್ತಿತ್ತು. ನಮ್ಮದು ಕುರಿಯವರ ಮನೆಯಾದ್ದರಿಂದ ಮೊದಮೊದಲು ಯಾರಿಗೂ ವಿಶೇಷವೆನಿಸಲಿಲ್ಲ. ಆದರೆ ದರಿಬಡಚಿಯ ತಂಗಿಗೆಂದು ಒಯ್ದ ಗಡಿಗೆಯ ಮೊಸರು ಅವಳ ಬಾಗಿಲು ಮುಟ್ಟುವಷ್ಟರಲ್ಲಿ ಮಜ್ಜಿಗೆಯಾಗಿ ಮೇಲೆ ಬೆಣ್ಣೆ ತೇಲುತ್ತಿತ್ತು.

"ಅಕ್ಕಾ, ಕಡಗೋಲ ಬಿಟ್ಟ ಜೀಪ ಇಟ್ಟಿಯೇನ ಈಗ?" ಅಂದಳು ತಂಗಿ.

ನಮ್ಮವರಿಗೆ ನಗು ಬರಲಿಲ್ಲ. ಮಿಸ್ತ್ರಿಗೆ ಎರಡು ಸಲ ತೋರಿಸಿದ್ದರು. ಎರಡೂ ಸಲ ಮಿಸ್ತ್ರಿ ಓಡಿಸಿ ನೋಡಿ, "ಏನೂ ಇಲ್ಲಲ್ರಿ, ಹೂವಿನ್ಹಂಗ ಓಡತೈತಿ" ಅಂದಿದ್ದ. ಅವನ ಕೈಯಲ್ಲಿ ನಿಜಕ್ಕೂ ನಡುಗಲಿಲ್ಲವಂತೆ. ಮರಳಿ ಬರುವಾಗ ಮತ್ತೆ ಗಡಗಡ.

"ಸೋಮವಾರ ಹಳೀ ಪಟ್ಟಿನ ಹಾಕಸ್ತೀನಿ. ಸಾಕಾತು," ಅಂದರು.

ನಾನು ಹಳ್ಳದ ನೆಪ ಹಿಡಿದೆ. "ಮತ್ತ ಹಳ್ಳದಾಗ ಹೊಟ್ಟಿ ತಾಗತೈತಲ್ರಿ?"

"ತಾಗಲಿ. ಅದು ಗೊತ್ತಿದ್ದ ತ್ರಾಸ. ಇದು ಗೊತ್ತಿಲ್ಲದ್ದು."

ಬಾವಿ, ಮೂವರು ಹೆಂಗಸರು, ಗಾಳಿಯ ರೆಕ್ಕೆ ಎಲ್ಲ ಸೋಮವಾರ ಮತ್ತೆ ಬೇಲಿಯ ಹಿಂದೆ ಅಡಗಬೇಕು. ಇರುವುದು ಮೂರೇ ದಿನ. ನಾನು ಕ್ಯಾಲೆಂಡರ್ ಇಳಿಸಿಕೊಂಡು ಕೂತೆ.

ಕ್ಯಾಲೆಂಡರಿನ ಚೌಕಗಳಲ್ಲಿ ದಿನಕ್ಕೊಂದು ಸಾಲು ಬರೆಯುವುದು ನನ್ನ ಚಟ. ಹೊಸ ಗ್ಯಾಸ್ ಸಿಲಿಂಡರ್ ಜೋಡಿಸಿದ್ದು, ಕೋಳಿ ಕಾವಿಗೆ ಕೂತದ್ದು, ಯಾರು ಎಲ್ಲಿಗೆ ಹೋದರು, ಜೀಪಿನಲ್ಲಿ ಯಾರು ಯಾರು ಹತ್ತಿದರು. ಮನೆಯವರು ಇದನ್ನು ನೋಡಿ ನಗುತ್ತಾರೆ, ಸಿಲಿಂಡರ್ ಮುಗಿದಾಗ ಮಾತ್ರ ಬಂದು ಕೇಳುತ್ತಾರೆ. ನಾನು ನಡುಗಿದ ದಿನಗಳನ್ನು ಬೆರಳಿಟ್ಟು ಹುಡುಕಿದೆ. ಟಗರು ತುಂಬಿದ ದಿನ ನಡುಕವಿಲ್ಲ. ಮದುವೆಗೆ ಹತ್ತು ಮಂದಿ ಹೋದ ದಿನವೂ ಇಲ್ಲ. ನಾವಿಬ್ಬರೇ ಇದ್ದ ದಿನ, ಮೊಸರಿನ ದಿನ, ಜೀರಿಗೆ ಕೊಂಡು ಮರಳಿದಾಗ, ನಡುಕವೇ ನಡುಕ.

ಆಗ ಮಿಸ್ತ್ರಿಯ ಹೂವಿನ ಗುಟ್ಟು ತಿಳಿಯಿತು. ನಮ್ಮ ಕಡೆ ಜತ್‌ಗೆ ಖಾಲಿ ಜೀಪು ಹೋಗುವ ಪದ್ಧತಿಯೇ ಇಲ್ಲ. ದಾರಿಯಲ್ಲಿ ಕೈ ಮಾಡಿದವರೆಲ್ಲ ಹತ್ತುತ್ತಾರೆ. ಮಿಸ್ತ್ರಿ ಪರೀಕ್ಷೆಗೆ ಓಡಿಸುವಾಗಲೂ ಯಾರೂ ಇಳಿಯುವುದಿಲ್ಲ. ಪುಕ್ಕಟೆ ಇನ್ನೊಂದು ಸುತ್ತು ಯಾರಿಗೆ ಬೇಡ? ಭಾರಕ್ಕೆ ಜೀಪು ತಗ್ಗುತ್ತದೆ, ನಡುಕ ನಿಲ್ಲುತ್ತದೆ. ನಮ್ಮ ಮರ್ಯಾದೆಯೇ ನಮ್ಮ ರೋಗವನ್ನು ಮುಚ್ಚಿಟ್ಟಿತ್ತು.

"ನಾಳೆ ಖಾಲಿ ಜೀಪ ಒಯ್ಯೂಣ್ರಿ," ಅಂದೆ.

ಹೇಳಿದಷ್ಟು ಸುಲಭವೇ? ಹಳ್ಳ ದಾಟುತ್ತಿದ್ದಂತೆ ಊರಿಗೆಲ್ಲ ಚಿಕ್ಕಮ್ಮನಾದ ಗಂಗವ್ವ ಕಾಕು ಬುಟ್ಟಿ ಹಿಡಿದು ನಿಂತಿದ್ದಳು.

"ಕಾಕೂ, ಇವತ್ತ ಖಾಲಿನ ಹೋಗಬೇಕು."

"ಹೋಗ್ರಲ್ಲ. ನಾ ಒಬ್ಬಾಕಿ ಎಷ್ಟ ಭಾರ ಆದೇನು?" ಅನ್ನುತ್ತ ಹತ್ತಿಯೇಬಿಟ್ಟಳು. ಒಬ್ಬಳನ್ನು ಹತ್ತಿಸಿ ಇನ್ನೊಬ್ಬರನ್ನು ಬಿಡುವುದು ಹೇಗೆ? ಜತ್ ಮುಟ್ಟುವಾಗ ಹಿಂದೆ ಆರು ಮಂದಿ, ಒಂದು ಟಗರು.

ಗ್ಯಾರೇಜಿನ ಮುಂದೆ ನಾನು ಕಟುಕಿಯಾದೆ. "ಎಲ್ಲಾರೂ ಇಳೀರಿ. ಟಗರೂ."

ಟಗರು ಸುಮ್ಮನೆ ಇಳಿಯಿತು. ಮಂದಿ ಮುಖ ಊದಿಸಿಕೊಂಡು ಬೇವಿನ ನೆರಳಲ್ಲಿ ನಿಂತರು. ಮಿಸ್ತ್ರಿ ಒಬ್ಬನೇ ಹೋಗಿ ಬಂದ. ಜೇಬಿನ ಪೆನ್ನು ಕೆಳಗೆ ಬಿದ್ದಿತ್ತು, ಟೋಪಿ ಹುಬ್ಬಿನವರೆಗೆ ಜಾರಿತ್ತು. "ವೈನಿ, ಖರೇ ಅದರಿ! ಹಲ್ಲ ಉದುರತಾವ!" ಎಂದು ನನ್ನ ಮುಂದೆ ಕುಣಿದಾಡಿದ. ಆಮೇಲೆ ಒಬ್ಬೊಬ್ಬರನ್ನೇ ಹತ್ತಿಸಿ ಸುತ್ತು ಹೊಡೆದ. ಒಬ್ಬರು, ಇಬ್ಬರು, ಮೂವರು. ನಾಲ್ಕನೆಯವಳಾಗಿ ಗಂಗವ್ವ ಕಾಕು ಹತ್ತಿದಾಗ ನಡುಕ ನಿಂತಿತು.

"ನೋಡ್ರೋ, ನಾ ಕುಂತೆ, ಗಾಡಿ ಶಾಣ್ಯಾ ಆತು!" ಎಂದು ಕಾಕು ಪೇಟೆಗೆಲ್ಲ ಕೇಳುವಂತೆ ಸಾರಿದಳು. ಖಾತ್ರಿಗೆ ಮತ್ತೊಂದು ಸುತ್ತು ಆಗಲೇಬೇಕೆಂದು ಹಟ ಹಿಡಿದು, ಹೊಡೆಸಿಯೂ ಕೊಂಡಳು.

ಮಿಸ್ತ್ರಿ ಜೀಪಿನ ಕೆಳಗೆ ತೂರಿ ನನ್ನನ್ನೂ ಕರೆದ. ನಾನು ಸೀರೆ ಸಿಕ್ಕಿಸಿಕೊಂಡು ಬಗ್ಗಿ ನೋಡಿದೆ. ಇಂಜಿನ್ನಿನ ಕಡೆಯ ತಿರುಗುವಿಕೆಯನ್ನು ಹಿಂದಿನ ಗಾಲಿಗೆ ಒಯ್ಯುವ ಕಬ್ಬಿಣದ ಕೊಳವೆ ಅಲ್ಲಿದೆ. ಅದಕ್ಕೆ ಶಾಫ್ಟ್ ಅನ್ನುತ್ತಾರೆ. ಎರಡೂ ತುದಿಗೆ ಬಾಗುವ ಗಂಟು. ಒಗೆದ ಕೌದಿಯನ್ನು ಇಬ್ಬರು ಹೆಂಗಸರು ತುದಿ ಹಿಡಿದು ಹಿಂಡುವುದನ್ನು ನೆನೆಸಿಕೊಳ್ಳಿ. ಇಬ್ಬರೂ ನೆಲದ ಮೇಲೆ ನಿಂತರೆ ತಿರುವು ಸಲೀಸು. ಒಬ್ಬಳು ಕಟ್ಟೆ ಹತ್ತಿದಳೋ, ಕೈ ಸೊಟ್ಟಗಾಗಿ ತಿರುವು ಜಗ್ಗಿ ಜಗ್ಗಿ ಬರುತ್ತದೆ. ಮೇಲಾಗಿ ಕೌದಿ ಸಾಲದೆ ತುದಿ ಜಾರತೊಡಗುತ್ತದೆ. ನಮ್ಮ ಜೀಪಿನ ಮೈ ಕಟ್ಟೆ ಹತ್ತಿತ್ತು, ಗಾಲಿ ನೆಲದಲ್ಲೇ ಇತ್ತು, ನಡುವಿನ ಬಡಪಾಯಿ ಶಾಫ್ಟಿನ ವಿಚಾರ ಯಾರೂ ಮಾಡಿರಲಿಲ್ಲ.

ಮಿಸ್ತ್ರಿ ಜಾಕ್ ಕೊಟ್ಟು ಗಾಲಿಗಳನ್ನು ಗಾಳಿಯಲ್ಲಿ ಜೋಲಬಿಟ್ಟ. ಶಾಫ್ಟಿನಲ್ಲಿ ಒಂದರೊಳಗೊಂದು ಜಾರುವ ಎರಡು ತುಂಡುಗಳಿವೆ. ಈಗ ಒಳಗೆ ಉಳಿದದ್ದು ಎರಡೇ ಬೆರಳು. ಅವನ ನಗು ನಿಂತಿತು. "ಹಳ್ಳದಾಗ ಗಾಲಿ ಇನ್ನಷ್ಟ ಜೋತಿದ್ರ ಕಳಚಿ ಬೀಳತಿತ್ರಿ. ಪಟ್ಟಿ ಹಾಕೂ ಮುಂದ ನಾ ಇದನ್ನ ಅಳೀಬೇಕಿತ್ತು. ತಪ್ಪ ನಂದ."

"ಹಂಗಾರ ಇಳಿಸಿಬಿಡು," ಅಂದರು ನಮ್ಮವರು.

ಮಿಸ್ತ್ರಿ ನನ್ನ ಮುಖ ನೋಡಿದ. "ಯಾಕ ಇಳಸೂದ್ರಿ? ಶಾಫ್ಟ್ ಉದ್ದ ಮಾಡೂಣು. ಶಾಫ್ಟ್ ಕೂಡೂ ಹಿಂದಿನ ಅಚ್ಚಿನ ಮೂಗ ತುಸು ಮ್ಯಾಲ ತಿರುವೂಣು. ಎತ್ತೂದು ಅರ್ಧ ಕೆಲಸರಿ, ಕೆಳಗ ಹೊಂದಸೂದ ಉಳದರ್ಧ."

ಎರಡು ದಿನ ಹಿಡಿಯಿತು. ಉದ್ದನೆಯ ಶಾಫ್ಟ್ ಬಂತು, ಪಟ್ಟಿಯ ಕೆಳಗೆ ಇಳಿಜಾರಿನ ಕಬ್ಬಿಣದ ತುಂಡು ಕೂತಿತು, ಅಚ್ಚಿನ ಮೂಗು ತಿರುಗಿತು. ಸೋಮವಾರ ನಾವಿಬ್ಬರೇ, ಖಾಲಿ ಜೀಪಿನಲ್ಲಿ, ಗಂಗವ್ವ ಕಾಕು ಇಲ್ಲದೆಯೂ ತಣ್ಣಗೆ ಮನೆಗೆ ಬಂದೆವು. ನಮ್ಮವರು ಬೇಕಂತಲೇ ವೇಗ ಏರಿಸಿ ಒಂದು ಹಾಡು ಹೇಳಿದರು. ಸ್ವರ ನಡುಗಲಿಲ್ಲ, ಶ್ರುತಿ ಮಾತ್ರ ಎಂದಿನಂತೆಯೇ ತಪ್ಪಿತ್ತು.

ಎತ್ತರ ನನಗೇ ಉಳಿಯಿತು. ಉಳಿದ ಮೇಲೆಯೇ ಅದರ ಕೆಲಸ ತಿಳಿದದ್ದು. ಮರುದಿನ ಅಸಂಗಿ ದಾರಿಯಲ್ಲಿ ನನಗಿಂತಲೂ ಕುಳ್ಳಿಯಾದ ಒಬ್ಬ ಮುದುಕಿ ಕೈ ಮಾಡಿದಳು. ಜೀಪು ನಿಂತಿತು. ಅವಳ ಕಾಲು ಮೆಟ್ಟಿಲಿಗೆ ನಿಲುಕಲಿಲ್ಲ.

"ಭಾಳ ಮ್ಯಾಲ ಕುಂತೀಯಲ್ಲವ್ವಾ," ಅಂದಳು, "ಕೈಯರ ಕೊಡು."

ಕೊಟ್ಟೆ. ಅವಳ ಕೈ ಮುಟ್ಟಲು ನಾಲ್ಕು ಬೆರಳು ಕಡಿಮೆ ಬಿತ್ತು. ತೋಳು ಉದ್ದ ಮಾಡಿಕೊಡುವ ಮಿಸ್ತ್ರಿ ಯಾವ ಊರಲ್ಲೂ ಇಲ್ಲ. ಹಾಗಾಗಿ ನಾನೇ ಸೀಟಿನಿಂದ ಹೊರಗೆ ಸೊಂಟದವರೆಗೆ ಬಾಗಿ ಅವಳ ಕೈ ಹಿಡಿದೆ.