ಯುರೋಪಿನಲ್ಲಿ ಸೈಟು ನೋಡಿದ್ದು

ನನ್ನ ಮಾತು ಕೇಳದೆ ಹೋದದ್ದರಿಂದ ನನ್ನ ಸೊಸೆಯ ಕೆಲಸ ಉಳಿಯಿತು. ನಡೆದದ್ದು ಇಷ್ಟೇ. ಎಲ್ಲರೂ ಕೂತು ಯೋಚನೆ ಮಾಡಿದೆವು ಅಂತ ಮಗ ಈಗ ಹೇಳಿಕೊಂಡು ತಿರುಗುತ್ತಾನೆ. ಯಾರೂ ಕೂರಲಿಲ್ಲ. ಅವಳೊಬ್ಬಳೇ ಮಾಡಿದ್ದು.

ಕತಾರಿನಲ್ಲಿ ಫುಟ್‌ಬಾಲ್ ವರ್ಲ್ಡ್ ಕಪ್ ಆದ ಸಮಯ ಅದು. ಅಲ್ಲಿನ ಅಲ್ ವುಕೈರ್ ಅನ್ನುವ ಬಡಾವಣೆಯ ಫ್ಲ್ಯಾಟಿನಲ್ಲಿ ಮಗ, ಸೊಸೆ, ಮೊಮ್ಮಗಳು, ನಾನು. ಸೊಸೆಯ ಆಫೀಸಿನದು ವಿಚಿತ್ರ ಕೆಲಸ. ಸ್ಟೇಡಿಯಂಗೆ ಬರುವ ಜನ ಯಾವ ಕಡೆಯಿಂದ ಬರಬೇಕು, ಎಲ್ಲಿ ಸಾಲು ನಿಲ್ಲಬೇಕು, ಆಟ ಮುಗಿದ ಮೇಲೆ ಒಬ್ಬರ ಮೇಲೊಬ್ಬರು ಬೀಳದೆ ಹೇಗೆ ಹೊರಗೆ ಹೋಗಬೇಕು, ಇದನ್ನೆಲ್ಲ ಮೊದಲೇ ನಕ್ಷೆ ಹಾಕಿಡುವುದು. ನಾನು ಅದಕ್ಕೆ "ಜನ ತಳ್ಳೋ ಕೆಲಸ" ಅನ್ನುತ್ತಿದ್ದೆ. ಅವಳಿಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು.

ಕಪ್ ಮುಗಿದರೆ ಕೆಲಸವೂ ಮುಗಿಯುತ್ತದೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗನ ಸಂಬಳ ಒಂದರಲ್ಲೇ ಅಲ್ಲಿ ಸಂಸಾರ ಸಾಗುವುದಿಲ್ಲ. ಅವನು ಯಾರ ಜೊತೆಗಾದರೂ ರೂಮು ಹಂಚಿಕೊಂಡು ಇರುವುದು, ಸೊಸೆಯೂ ಮೊಮ್ಮಗಳೂ ನನ್ನ ಜೊತೆ ಮೈಸೂರಿಗೆ ಬರುವುದು ಅಂತ ಮಾತಾಗಿತ್ತು. ಅಪ್ಪನ ಹೊಟ್ಟೆ ಮೇಲೆ ಕಾಲು ಹಾಕದೆ ನಿದ್ದೆ ಮಾಡದ ಮಗು ಅದು. ಅದಕ್ಕೆ ಇನ್ನೂ ಹೇಳಿರಲಿಲ್ಲ.

ಅಷ್ಟರಲ್ಲಿ ಸೊಸೆ ದಿನಾ ಯಾರೋ ಕನ್ನಡದವರ ಜೊತೆ ಫೋನಿನಲ್ಲಿ ಸೈಟು, ಸೈಟು ಅಂತ ಶುರು ಮಾಡಿದಳು. ಮೂರು ಸೈಟು ನೋಡಿದ್ದಾರೆ, ಒಂದಕ್ಕೆ ನೀರಿಲ್ಲ, ಇನ್ನೊಂದಕ್ಕೆ ರಸ್ತೆ ಸರಿಯಿಲ್ಲ. ನಾನು ಏನಂದುಕೊಳ್ಳಲಿ? ಊರಿಗೆ ಬರುವ ಮುಂಚೆ ಮನೆ ಕಟ್ಟಲು ಜಾಗ ಹುಡುಕುತ್ತಿದ್ದಾಳೆ ಅಂದುಕೊಂಡೆ. ತಂಗಿಗೆ ಹೇಳಿದೆ. ಅವಳ ಅಳಿಯನಿಗೆ ಸೈಟು ಮಾರಿಸುವುದೇ ಕಸುಬು. ಮಾರನೆಯ ದಿನವೇ ಸೊಸೆಯ ಫೋನಿಗೆ ಫೋಟೋ ಸುರಿದುಬಿಟ್ಟ.

"ಅತ್ತೆ, ಇದೇನಿದು? ಕಾರ್ನರ್ ಸೈಟ್, ಪೂರ್ವಕ್ಕೆ ಬಾಗಿಲು, ಕಾವೇರಿ ನೀರು ಅಂತೆಲ್ಲ ಬಂದಿದೆ?"

"ನೀನು ನೋಡ್ತಿರೋದಕ್ಕಿಂತ ವಾಸಿ. ನೀರಾದ್ರೂ ಇದೆ."

ಅವಳು ಸೋಫಾ ಮೇಲೆ ಬಿದ್ದು ನಕ್ಕಳು. "ಅತ್ತೆ, ಅದು ಮನೆ ಸೈಟಲ್ಲ! ಯುರೋಪಲ್ಲಿ ಒಂದು ಥೀಮ್ ಪಾರ್ಕ್ ಕಟ್ತಾರೆ. ಎಲ್ಲಿ ಕಟ್ಟಿದ್ರೆ ಒಳ್ಳೇದು ಅಂತ ಹೇಳೋ ಕೆಲಸ ನಮ್ಮ ಆಫೀಸಿಗೆ ಬಂದಿದೆ. ಇದರಲ್ಲಿ ನನಗೆ ಜಾಗ ಸಿಕ್ಕಿದ್ರೆ ನಾನಿಲ್ಲೇ ಉಳ್ಕೋತೀನಿ."

"ಥೀಮ್ ಪಾರ್ಕ್ ಅಂದ್ರೆ? ಉಯ್ಯಾಲೆ, ಜಾರುಬಂಡೆ?"

"ಅದರ ದೊಡ್ಡಣ್ಣ. ದೇಶದೇಶದಿಂದ ಜನ ಬರ್ತಾರೆ."

ಮೊಮ್ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಿ, ನೀನು ಹೈಟ್ ಇಲ್ಲ. ರೈಡ್‌ಗೆ ಬಿಡಲ್ಲ ನಿನ್ನ," ಅಂದಳು.

ಮೂರರಲ್ಲಿ ಪೋಲೆಂಡಿನದು ಹಿಮ ಜಾಸ್ತಿ ಅಂತ ಬಿಟ್ಟುಹೋಯಿತು. ಉಳಿದದ್ದು ಸ್ಪೇನು, ಇಂಗ್ಲೆಂಡು. ಅವಳ ಬಾಸು ಲೆಬನಾನಿನವನು, ಸ್ಪೇನೇ ಆಗಬೇಕು ಅಂದ. ಸಮುದ್ರ ಇದೆ, ಬಿಸಿಲಿದೆ, ಹೇಗೂ ಪ್ರವಾಸಿಗರು ಬರುತ್ತಾರೆ. ಇವಳಿಗೆ ಇಂಗ್ಲೆಂಡು. ಅಲ್ಲಿ ಯಾವುದೋ ಹಳೇ ಗೋದಾಮುಗಳ ಜಾಗವಂತೆ, ಮಗ್ಗುಲಲ್ಲೇ ರೈಲು.

"ಬಾಸು ಸ್ಪೇನ್ ಅಂದ್ರೆ ಸ್ಪೇನ್ ಅನ್ನು. ನಿಂದೇನು ಹೋಗುತ್ತೆ?" ಅಂದೆ. "ನನ್ನ ಮಂಡಿಗೂ ಬಿಸಿಲೇ ಒಳ್ಳೇದು."

"ಹೌದಾ? ಆಗಸ್ಟಲ್ಲಿ ಕಾರಿಂದ ಇಳಿದು ಅಂಗಡಿ ಬಾಗಿಲಿಗೆ ಹೋಗೋಷ್ಟರಲ್ಲಿ ಇಡೀ ಕತಾರನ್ನೇ ಬೈತೀರಲ್ಲ. ಮಗು ಕಟ್ಕೊಂಡು ಬಿಸಿಲಲ್ಲಿ ಆಟ ಆಟಕ್ಕೂ ಸಾಲು ನಿಲ್ಲಿ ನೋಡೋಣ."

"ಇಂಗ್ಲೆಂಡಲ್ಲಿ ಮಳೆ ಹುಯ್ಯಲ್ವಾ?"

"ಮಳೆಗೆ ಚಾವಣಿ ಹಾಕಬಹುದು."

"ಬಿಸಿಲಿಗೂ ಹಾಕಬಹುದು."

ಅವಳು ತಟ್ಟನೆ ಎದ್ದು ಹೋದಳು.

ಕಪ್ ನಡೆಯುವಾಗ ಒಂದು ಸಾಯಂಕಾಲ ಎಲ್ಲರೂ ಸಮುದ್ರದ ಕಡೆ ದೀಪ ನೋಡಲು ಹೋಗಿದ್ದೆವು. ವಾಪಸು ಬರುವಾಗ ಮೆಟ್ರೋಗೆ ಸಾಲು ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಕಂಬಿ ಕಟ್ಟಿ ಹಾವಿನ ಹಾಗೆ ಸುತ್ತಿಸಿದ್ದರು. ಮುಖಕ್ಕೆ ಬಣ್ಣ ಬಳಿದುಕೊಂಡವರು, ತಲೆ ಮೇಲೆ ಟೊಪ್ಪಿ ಬದಲು ಗುಮ್ಮಟ ಇಟ್ಟುಕೊಂಡವರು, ಎಲ್ಲ ಹಾಡಿಕೊಂಡು ಹೋಗುತ್ತಿದ್ದರು.

"ಯಾರಾದ್ರೂ ಜಗಳ ಆಡ್ತಿದ್ದಾರಾ ನೋಡಿ ಅತ್ತೆ," ಅಂದಳು. "ಕೊನೇಲಿ ರೈಲು ಇದೆ ಅಂತ ಗೊತ್ತು, ಅದಕ್ಕೇ. ಪಾರ್ಕಿಗೂ ಹಾಗೇ, ವಿಮಾನ ಹತ್ತಿ ಬಂದೋರು ಒಂದ್ಸಲ ಬರ್ತಾರೆ. ರೈಲಲ್ಲಿ ಬಂದೋರು ಮುಂದಿನ ತಿಂಗಳೂ ಬರ್ತಾರೆ. ಪಾರ್ಕು ನಡೆಯೋದು ಅವರಿಂದ."

"ಅದನ್ನ ನನ್ನ ಮಂಡಿಗೆ ಹೇಳು," ಅಂದೆ. ಅವಳ ಮಾತು ಸರಿ ಅಂತ ಒಳಗೊಳಗೇ ಅನ್ನಿಸಿತ್ತು.

ಕಪ್ ಮುಗಿಯಿತು. ಅವಳ ಆಫೀಸಿನಲ್ಲಿ ಒಬ್ಬೊಬ್ಬರೇ ಊರಿಗೆ ಹೊರಟರು. ಆಮೇಲೆ ಒಂದು ಶುಕ್ರವಾರ ಪಾರ್ಕು ಕಟ್ಟುವವರ ಜೊತೆ ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಇಟ್ಟರು. ಕತಾರಿನಲ್ಲಿ ಅವತ್ತು ರಜೆ, ಯುರೋಪಿನವರಿಗೆ ಇಲ್ಲವಲ್ಲ. ಸೊಸೆ ಮೇಲೆ ಮಾತ್ರ ಇಸ್ತ್ರಿ ಮಾಡಿದ ಕೋಟು, ಕೆಳಗೆ ಮನೆ ಪೈಜಾಮ ಹಾಕಿಕೊಂಡು ಊಟದ ಟೇಬಲ್ಲಿನ ಮುಂದೆ ಕೂತಳು. ಕುಕ್ಕರ್ ಕೂಗಿಸಬೇಡಿ ಅಂತ ನನಗೆ ಅಪ್ಪಣೆ ಆಯಿತು.

"ಬಾಸಿಗೆ ಹೂಂ ಅಂದುಬಿಡೇ," ಅಂದೆ, ಕೊನೆ ಸಲ. "ಮಗು ಮುಖ ನೋಡಿಯಾದ್ರೂ."

ಅವಳು ಕೋಟಿನ ಗುಂಡಿ ಹಾಕಿಕೊಂಡಳು.

ಇಂಗ್ಲಿಷು ನನಗೆ ಬಾರದು. ಅಡುಗೆಮನೆ ಬಾಗಿಲಲ್ಲಿ ಹುರುಳಿಕಾಯಿ ಹಿಡಿದುಕೊಂಡು ನಿಂತಿದ್ದೆ. ಬಾಸು ತುಂಬ ಹೊತ್ತು ಮಾತಾಡಿದ. ಅವನು ಮುಗಿಸಿದ ಮೇಲೆ ಇವಳು "ನೋ" ಅಂದಳು. ಅದು ನನಗೂ ತಿಳಿಯಿತು. ಆಮೇಲೆ ಹೀಟ್ ಅಂದಳು, ಟ್ರೈನ್ ಅಂದಳು, ನಕ್ಷೆ ತೋರಿಸಿದಳು. ಇನ್ನು ಮೈಸೂರೇ ಗತಿ ಅಂದುಕೊಂಡೆ. ಆಗ ಯಾರೋ ಯುರೋಪಿನ ಹೆಂಗಸು ಪ್ರಶ್ನೆ ಕೇಳಲು ಶುರು ಮಾಡಿದಳು, ಒಂದಾದ ಮೇಲೆ ಒಂದು, ಇವಳನ್ನೇ.

ಮುಗಿದ ಮೇಲೆ ಬಾಸಿನ ಫೋನ್ ಬಂತು. ಮೊಮ್ಮಗಳು ಸ್ಪೀಕರ್ ಒತ್ತಿಬಿಟ್ಟಳು.

"ಖಲಾಸ್! ಯು ಗೋ. ಯಲ್ಲಾ, ಸ್ವೆಟರ್ ತಗೋ," ಅನ್ನುವ ಹಾಗೆ ಏನೋ ಕೂಗಿ ನಕ್ಕ, ಮುಗೀತು, ನೀನೇ ಹೊರಡು ಅಂತ. ಬೈಯಲಿಲ್ಲ.

ಪಾರ್ಕು ಎಲ್ಲಿ ಕಟ್ಟುವುದು ಅಂತ ಯುರೋಪಿನವರು ಇನ್ನೂ ಹೇಳಿರಲಿಲ್ಲ. ಎರಡೂ ಜಾಗವನ್ನು ಈ ಹುಡುಗಿ ಚಳಿಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನಡೆದು ನೋಡಿ ಬಂದು ಹೇಳಲಿ ಅಂದರಂತೆ. ಅಲ್ಲಿಗೆ ಬೇಸಿಗೆ ಮುಗಿಯುವ ತನಕ ಕೆಲಸ ಗಟ್ಟಿ. ಹೂಂ ಅಂದಿದ್ದರೆ ಆ ಹೆಂಗಸು ಬಾಸಿನ ಜೊತೆಗೇ ಮಾತು ಮುಗಿಸುತ್ತಿದ್ದಳು, ಇವಳು ಯಾರು ಅಂತಲೂ ತಿಳಿಯುತ್ತಿರಲಿಲ್ಲ. ಇದು ನನಗೆ ಹುರುಳಿಕಾಯಿ ಹೆಚ್ಚುವಾಗ ಹೊಳೆಯಿತು.

"ಮುಂದಿನ ವಾರವೇ ಹೊರಡಬೇಕಂತೆ ಅತ್ತೆ," ಅಂದಳು ಸೊಸೆ. "ಇವರು ಬೆಳಿಗ್ಗೆ ಬೇಗ ಆಫೀಸಿಗೆ ಹೋಗ್ತಾರೆ. ಮಗು ಸ್ಕೂಲು..."

"ನಾನೇನು ಸತ್ತಿದ್ದೀನಾ?"

ಮಾರನೆಯ ಬೆಳಿಗ್ಗೆ ಮೊಮ್ಮಗಳನ್ನು ಎಬ್ಬಿಸಿ, ಮುಖ ತೊಳೆಸಿ, ಲಿಫ್ಟಿನಲ್ಲಿ ಕೆಳಗೆ ಕರೆದುಕೊಂಡು ಹೋದೆ.

"ಅಜ್ಜಿ, ಟುಡೇ ಸ್ಯಾಟರ್‌ಡೇ. ಬಸ್ ಮಾಫಿ, ಬರಲ್ಲ!"

"ಗೊತ್ತು ಕಣೇ. ಎಲ್ಲಿ ನಿಲ್ಲುತ್ತೆ, ತೋರಿಸು."

ಆಕಳಿಸುತ್ತಾ ಲಾಂಡ್ರಿ ಅಂಗಡಿ ಪಕ್ಕದ ಕಂಬ ತೋರಿಸಿದಳು. ಬಸ್ಸು ಯಾವ ಕಡೆಯಿಂದ ಬರುತ್ತೆ, ಬಾಗಿಲು ಯಾವ ಮಗ್ಗುಲಿಗೆ, ಒಳಗೆ ಕೂರಿಸಿಕೊಳ್ಳುವ ಆಂಟಿ ಹೇಗಿದ್ದಾಳೆ, ಎಲ್ಲ ಕೇಳಿ ತಿಳಿದುಕೊಂಡೆ. ರಸ್ತೆಯನ್ನು ಅವಳ ಕೈ ಹಿಡಿದು ಒಂದು ಸಲ ದಾಟಿ, ವಾಪಸು ದಾಟಿದೆ. ಆಮೇಲೆ ಮೇಲೆ ಬಂದು ದೋಸೆ ಹುಯ್ದೆ.